ಬೀಗದ ಕೈ ಯಾರಲ್ಲಿರಬೇಕು?

ಹಣ ತೆತ್ತು ಕೊಂಡ ವಸ್ತುವಿನ ಮೇಲೆ ಕೊಂಡವನಿಗೆ ಎಷ್ಟು ಅಧಿಕಾರವುಂಟು? ಮನೆಯ ಕಪಾಟಿನ ವಿಷಯದಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಮನೆಯೊಳಗೆ ಅಂತರ್ಜಾಲವನ್ನು ಹಂಚುವ ರೌಟರ್ ಎಂಬ ಪುಟ್ಟ ಪೆಟ್ಟಿಗೆಯ ವಿಷಯದಲ್ಲಿ ಏಳುತ್ತದೆ. ಅದನ್ನು ನಡೆಸುವುದು ಅದರೊಳಗಿನ ಫರ್ಮ್‌ವೇರ್ ಎಂಬ ತಂತ್ರಾಂಶ. ತಮ್ಮದಲ್ಲದ ತಂತ್ರಾಂಶವನ್ನು ಅದು ಸ್ವೀಕರಿಸದಂತೆ ಅನೇಕ ತಯಾರಕರು ಬೀಗ ಹಾಕಿರುತ್ತಾರೆ. ಕೆಲವು ವರ್ಷಗಳ ತರುವಾಯ ಅವರು ತಿದ್ದುಪಡಿಗಳನ್ನು ನಿಲ್ಲಿಸಿದರೆ, ಗಟ್ಟಿಮುಟ್ಟಾದ ಯಂತ್ರವೂ ಭದ್ರತೆಯನ್ನು ಕಳೆದುಕೊಂಡು ಕಸದ ಪಾಲಾಗುತ್ತದೆ.

ಇಂತಹ ಬೀಗವೊಂದು ತೆರೆದ ವೃತ್ತಾಂತ ಬೋಧಪ್ರದವಾಗಿದೆ. 2002ರ ಕೊನೆಯಲ್ಲಿ ಅಮೆರಿಕದ ಲಿಂಕ್‌ಸಿಸ್ ಸಂಸ್ಥೆಯು ಡಬ್ಲ್ಯೂಆರ್‌ಟಿ54ಜಿ ಎಂಬ ರೌಟರನ್ನು ಮಾರುಕಟ್ಟೆಗೆ ತಂದಿತು. ಅದರೊಳಗಿರುವುದು ಲಿನಕ್ಸ್ ಎಂಬುದನ್ನು 2003ರಲ್ಲಿ ತಂತ್ರಜ್ಞರು ಪತ್ತೆಹಚ್ಚಿದರು. ಲಿನಕ್ಸನ್ನು ಯಾರಾದರೂ ಬಳಸಬಹುದು, ಮಾರಲೂಬಹುದು. ಆದರೆ ಕೊಂಡವರಿಗೆ ಅದರ ಸೋರ್ಸ್ ಕೋಡ್, ಎಂದರೆ ಓದಿ ತಿದ್ದಬಹುದಾದ ಮೂಲ ಬರಹವೂ ದೊರೆಯಬೇಕೆಂಬುದು ಅದರ ಜಿಪಿಎಲ್ ಪರವಾನಗಿಯ ನಿಬಂಧನೆ. ಪರರ ಶ್ರಮದ ಫಲವನ್ನು ಸ್ವೀಕರಿಸಿ ಅವರ ನಿಬಂಧನೆಯನ್ನು ಮಾತ್ರ ಬದಿಗಿಡುವುದು ನ್ಯಾಯವಲ್ಲವಷ್ಟೆ. ಒತ್ತಾಯ ಬಂದ ಮೇಲೆ ಅದೇ ವರ್ಷ ಮೂಲ ಬರಹ ಪ್ರಕಟವಾಯಿತು. ಅದರ ಆಧಾರದಿಂದ 2004ರಲ್ಲಿ ಆರಂಭವಾದ ಓಪನ್‌ಡಬ್ಲ್ಯೂಆರ್‌ಟಿ ಯೋಜನೆಯ ಮುಕ್ತ ತಂತ್ರಾಂಶ ಇಂದು ಅನೇಕ ತಯಾರಕರ ನೂರಾರು ಮಾದರಿಯ ರೌಟರುಗಳಲ್ಲಿ ನಡೆಯುತ್ತದೆ.

ಆದರೆ ಬೀಗ ತೆರೆಯುವವನಿಗೂ ಧರ್ಮವುಂಟು. ಮೊದಲನೆಯದಾಗಿ, ಪೆಟ್ಟಿಗೆ ತನ್ನದೇ ಆಗಿರಬೇಕು. ಅಂತರ್ಜಾಲ ಸೇವೆ ನೀಡುವವರು ಬಳಕೆಗೆಂದು ಕೊಟ್ಟು ಮರಳಿ ಪಡೆಯುವ ರೌಟರ್ ಅವರ ಸ್ವತ್ತು. ಎರಡನೆಯದು ಎಚ್ಚರ. ಒಂದೇ ಹೆಸರಿನ ರೌಟರಿನಲ್ಲಿಯೂ ಒಳರಚನೆ ಭಿನ್ನವಾಗಿರುತ್ತದೆ. 2005ರಲ್ಲಿ ಬಂದ ಡಬ್ಲ್ಯೂಆರ್‌ಟಿ54ಜಿಯ ಐದನೆಯ ಆವೃತ್ತಿಯಲ್ಲಿ ಲಿನಕ್ಸ್ ಇರಲಿಲ್ಲ, ಸ್ಮರಣ ಸಾಮರ್ಥ್ಯವೂ ತಗ್ಗಿತ್ತು. ಆದುದರಿಂದ ಮಾದರಿ ಮತ್ತು ಆವೃತ್ತಿಗಳನ್ನು ತಾಳೆ ನೋಡಿ, ತಂದ ಕಡತ ದೋಷರಹಿತವೆಂದು ಪರಿಶೀಲಿಸಿ, ಹಳೆಯ ಹೊಂದಾಣಿಕೆಗಳನ್ನು ಬರೆದಿಟ್ಟುಕೊಂಡೇ ಮುಂದುವರಿಯಬೇಕು. ನಡುವೆ ವಿದ್ಯುತ್ ಕಡಿದುಹೋದರೆ ಯಂತ್ರ ನಿಶ್ಚೇಷ್ಟಿತವಾಗಬಹುದು.

ಮೂರನೆಯದು ನೆರೆಯವರ ಹಿತ. ರೌಟರಿನ ರೇಡಿಯೋ ಅಲೆಗಳು ಗೋಡೆಯೊಳಗೇ ನಿಲ್ಲುವುದಿಲ್ಲ. ವಿಧಿಸಿದ ಮಿತಿಯನ್ನು ಮೀರಿ ಪ್ರಸಾರ ಮಾಡಬಲ್ಲ ರೌಟರುಗಳನ್ನು ಮಾರಿದುದಕ್ಕಾಗಿ ಟಿಪಿ-ಲಿಂಕ್ ಸಂಸ್ಥೆಯು 2016ರಲ್ಲಿ ಅಮೆರಿಕದ ಸಂವಹನ ಆಯೋಗಕ್ಕೆ 2,00,000 ಡಾಲರ್ ತೆರಬೇಕಾಯಿತು. ಆದರೂ ಆಯೋಗವು ಅನ್ಯರ ತಂತ್ರಾಂಶಕ್ಕೆ ಬಾಗಿಲು ಮುಚ್ಚಲಿಲ್ಲ; ಮಿತಿಯೊಳಗೆ ಅದಕ್ಕೆ ಅವಕಾಶ ಕಲ್ಪಿಸುವ ದಿಸೆಯಲ್ಲಿ ಶ್ರಮಿಸಲು ಆ ಸಂಸ್ಥೆಯು ಅದೇ ಒಪ್ಪಂದದಲ್ಲಿ ಸಮ್ಮತಿಸಿತು.

ತಯಾರಕನು ತಾನು ಪಡೆದುದನ್ನು ಮರೆಮಾಚಬಾರದು. ಕೊಂಡವನು ತನ್ನ ಸ್ವಾತಂತ್ರ್ಯದಿಂದ ನೆರೆಯವನನ್ನು ಬಾಧಿಸಬಾರದು. ಬೀಗದ ಕೈ ಮನೆಯೊಡೆಯನಲ್ಲಿರುವುದೇ ಯುಕ್ತ. ಅದರೊಂದಿಗೆ ಸಂಯಮವೂ ಅವನಲ್ಲಿರಬೇಕು.