ಕರಿಯ ಕಾರಿನ ಮೈ

ಕಾರು ಒರೆಸುವುದೂ ಒಂದು ವಿದ್ಯೆ ಎಂದರೆ ನನ್ನ ಸಹಪಾಠಿಗಳು ನಗಬಹುದು. ಕೈಯಿದ್ದು ಬಟ್ಟೆಯಿದ್ದರೆ ಸಾಕು, ಅದಕ್ಕೇಕೆ ಗುರು, ಅದಕ್ಕೇಕೆ ಶಾಸ್ತ್ರ ಎಂದು ಕೇಳಬಹುದು. 2023ರ ಬೇಸಗೆಯ ರಜೆಯವರೆಗೆ ನಾನೂ ಹಾಗೆಯೇ ತಿಳಿದಿದ್ದೆ. ಆ ತಿಳಿವಳಿಕೆ ಹೇಗೆ ತಲೆಕೆಳಗಾಯಿತೆಂಬುದನ್ನು ವಾಚಕರಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮ ತಂದೆಯವರು ಮೂಡಿಗೆರೆಯ ಕಡೆ ಕಾಫಿ ತೋಟದ ಯಜಮಾನರೊಬ್ಬರಲ್ಲಿ ಕಾರು ಚಾಲಕರು. ಕಾರಿನದು ಕಪ್ಪು ಬಣ್ಣ. ರಜೆಯಲ್ಲಿ ನಾನು ಊರಿಗೆ ಹೋದಾಗ ತಂದೆಯವರಿಗೆ ಜ್ವರ ಬಂದು ಹತ್ತು ದಿನ ಮಲಗಿದರು. ಯಜಮಾನರು ತಾವೇ ಕಾರು ನಡೆಸಿಕೊಂಡರು. ಒರೆಸುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು. "ಮೊದಲು ನೀರು, ಆಮೇಲೆ ಬಟ್ಟೆ" ಎಂದು ತಂದೆಯವರು ಮಲಗಿದಲ್ಲಿಂದಲೇ ಹೇಳಿ ಕಳುಹಿಸುತ್ತಿದ್ದರು. ನನಗೋ ನಲ್ಲಿಯಿಂದ ನಾಲ್ಕು ಬಕೆಟ್ಟು ನೀರು ಹೊರುವ ಸೋಮಾರಿತನ. ತೋಟದ ದಾರಿಯ ಕೆಂಧೂಳನ್ನು ಒಣಬಟ್ಟೆಯಿಂದಲೇ ಗಸಗಸನೆ ತಿಕ್ಕಿದೆ. ಬಟ್ಟೆ ನೆಲಕ್ಕೆ ಬಿದ್ದರೆ ಎರಡು ಸಲ ಕೊಡವಿ ಮತ್ತೆ ತಿಕ್ಕಿದೆ. ಷೆಡ್ಡಿನ ನೆರಳಿನಲ್ಲಿ ಕಾರು ಕನ್ನಡಿಯಂತೆಯೇ ಕಂಡಿತು. ಬೆಪ್ಪನಂತೆ ಬೀಗಿದೆ.

ಹನ್ನೊಂದನೆಯ ದಿನ ಸಾಯಂಕಾಲ, ಯಜಮಾನರು ಹೊರಡಲೆಂದು ತಂದೆಯವರು ಕಾರನ್ನು ಅಂಗಳಕ್ಕೆ ತಂದರು. ಇಳಿಬಿಸಿಲು ಬಾನೆಟ್ಟಿನ ಮೇಲೆ ಬಿತ್ತು. ಬಿದ್ದ ಸೂರ್ಯನ ಸುತ್ತಲೂ ಜೇಡರ ಬಲೆಯಂತೆ ಸಾವಿರ ಸಣ್ಣ ಗೀರುಗಳು ಸುತ್ತುಸುತ್ತಾಗಿ ಮಿನುಗಿದವು!

"ಏನಯ್ಯಾ ಇದು? ಪಾತ್ರೆ ಬೆಳಗುವ ನಾರಿನಲ್ಲಿ ತಿಕ್ಕಿದ ಹಾಗಿದೆಯಲ್ಲ" ಎಂದರು ಯಜಮಾನರು.

ತಂದೆಯವರು ಬಾನೆಟ್ಟನ್ನು ನೋಡಿದರು. ನನ್ನ ಕಡೆ ನೋಡಲಿಲ್ಲ. "ತಪ್ಪಾಯಿತು ಸ್ವಾಮಿ, ಸರಿಮಾಡಿಸುತ್ತೇನೆ" ಎಂದರು. ಖರ್ಚು ಸಂಬಳದಲ್ಲಿ ಮುರಿಯುವುದೆಂದು ತೀರ್ಮಾನವಾಯಿತು. ಬಟ್ಟೆ ಕೈಯಲ್ಲಿ ಹಿಡಿದು ನಾಲ್ಕು ಮಾರು ದೂರದಲ್ಲಿ ನಿಂತಿದ್ದ ನಾನು ಬಾಯಿ ಬಿಡಲಿಲ್ಲ. ಪರೀಕ್ಷೆಯಲ್ಲಿ ಎರಡು ಹಾಳೆ ತುಂಬ ಬರೆಯಬಲ್ಲ ನಾಲಗೆಗೆ ಆ ಹೊತ್ತು "ನಾನು" ಎಂಬ ಎರಡಕ್ಷರ ಬರಲಿಲ್ಲ.

ತಂದೆಯವರ ಹಳೆಯ ಸ್ನೇಹಿತರೊಬ್ಬರು ಪೇಟೆಯಲ್ಲಿ ಕಾರುಗಳಿಗೆ ಬಣ್ಣ ಹಾಕುವವರು. "ನಿನ್ನ ಮಗ ಕೈಜೋಡಿಸಿದರೆ ಸಾಮಾನಿನ ಖರ್ಚು ಮಾತ್ರ ಸಾಕು" ಎಂದರು. ನನ್ನ ಪಾಠ ಅಲ್ಲಿ ಆರಂಭವಾಯಿತು.

ಮೊದಲು ಅವರು ಕೈದೀಪವನ್ನು ಬಾನೆಟ್ಟಿನ ಮೇಲೆ ಹಿಡಿದರು. ದೀಪದ ಸುತ್ತ ಗೀರಿನ ಬಳೆಗಳು. ದೀಪವನ್ನು ಸರಿಸಿದರು, ಬಳೆಗಳೂ ಸರಿದವು. ಗೀರುಗಳು ನಿಜವಾಗಿ ಸುತ್ತಾಗಿಯೇ ಇಲ್ಲವಂತೆ. ಎಲ್ಲ ದಿಕ್ಕಿಗೂ ಇರುತ್ತವೆ. ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಹೊಳೆದು ಬಳೆಯಂತೆ ತೋರುತ್ತವೆ. ಬಿಳಿಯ ಕಾರಿನಲ್ಲಿಯೂ ಇಷ್ಟೇ ಗೀರಿರಬಹುದು. ಅಲ್ಲಿ ಹಿನ್ನೆಲೆಯೇ ಬೆಳಕಾದ್ದರಿಂದ ಕಾಣುವುದಿಲ್ಲ. ಕಪ್ಪು ಬೆಳಕನ್ನು ನುಂಗುವುದರಿಂದ ಗೀರು ಚದರಿಸಿದ ಚೂರು ಬೆಳಕೂ ಎದ್ದು ಕಾಣುತ್ತದೆ. ಕಪ್ಪು ಸುಳ್ಳು ಹೇಳುವುದಿಲ್ಲ!

ಗೀರು ಬಿದ್ದದ್ದು ಬಣ್ಣದ ಮೇಲೂ ಅಲ್ಲ. ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಲೇಪವಿರುತ್ತದೆ. ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲು. ನಮ್ಮ ತಲೆಗೂದಲಿಗಿಂತ ತೆಳು. ಧೂಳಿನಲ್ಲಿರುವ ಮರಳಿನ ಕಣ ಅದಕ್ಕಿಂತ ಗಟ್ಟಿ. ಒಣಬಟ್ಟೆಯಲ್ಲಿ ಒರೆಸಿದಾಗ ಒರೆಸುವುದು ಬಟ್ಟೆಯಲ್ಲ, ಮರಳು.

ಕಾರನ್ನು ಎರಡು ಬಕೆಟ್ಟಿನಲ್ಲಿ ತೊಳೆದೆವು: ಒಂದು ಸೋಪಿನ ನೀರು, ಇನ್ನೊಂದು ಬಟ್ಟೆ ಜಾಲಿಸುವ ನೀರು. ಅಂಚುಗಳಲ್ಲಿ ಲೇಪ ಬೇಗ ಸವೆಯುವುದರಿಂದ ಅಲ್ಲಿಗೆಲ್ಲ ಟೇಪು ಅಂಟಿಸಿದೆವು. ಮೊದಲು ಒಂದು ಗೇಣಗಲದ ಜಾಗದಲ್ಲಿ ಪರೀಕ್ಷೆ. ಅಲ್ಲಿ ಸರಿಹೋದ ಮೇಲೆ, ಸುತ್ತುತ್ತ ಅಲುಗುವ ಯಂತ್ರದ ಮೆತ್ತೆಗೆ ಪಾಲಿಷು ಹಚ್ಚಿ, ಮೊಳದಗಲವನ್ನು ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ನಿಧಾನವಾಗಿ ತಿಕ್ಕಿ, ಒರೆಸಿ, ದೀಪ ಹಿಡಿದು ನೋಡುವುದು. ಎರಡು ದಿನ ಇದೇ ತಪಸ್ಸು. ಸೊಂಟ ಬಿದ್ದುಹೋಯಿತು. ಬಾನೆಟ್ಟಿನಲ್ಲಿ ಮಾತ್ರ ಆಕಾಶ ಮರಳಿ ಬಂತು.

ಎಡಗಡೆಯ ಹಿಂಬಾಗಿಲ ಮೇಲೆ ಒಂದು ಗೀರು ಉಳಿಯಿತು. "ಇನ್ನಷ್ಟು ಒತ್ತಿ ತಿಕ್ಕೋಣ" ಎಂದೆ. ಅವರು ಯಂತ್ರ ನಿಲ್ಲಿಸಿಬಿಟ್ಟರು.

"ಗೀರನ್ನು ಯಾರೂ ಕಿತ್ತು ತೆಗೆಯಲಾರರು ಮಗು. ಸುತ್ತಲಿನ ಒಳ್ಳೆಯ ಮೈಯನ್ನೆಲ್ಲ ಅದರ ಆಳಕ್ಕೆ ಇಳಿಸಬೇಕು. ಇದು ಆಳವಾದದ್ದು. ಇದಕ್ಕಾಗಿ ಉಳಿದದ್ದನ್ನು ಸವೆಸಬಾರದು. ಮೇಣ ಹಚ್ಚಿದರೆ ನಾಲ್ಕು ದಿನ ಮುಚ್ಚಿರುತ್ತದೆ, ಮಳೆಗೆ ಮತ್ತೆ ಏಳುತ್ತದೆ. ಬಿಟ್ಟುಬಿಡು."

ಬಿಟ್ಟೆವು. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ನನ್ನ ಒಂದು ಗೀರಿಗಾಗಿ ತಂದೆಯವರು ತಮ್ಮ ಎಷ್ಟು ವರ್ಷದ ಒಳ್ಳೆಯ ಹೆಸರನ್ನು ಸವೆಸಿಕೊಂಡರು! ಮರುದಿನ ಕಾರು ಒಪ್ಪಿಸುವಾಗ, ಎದೆ ಹೊಡೆದುಕೊಳ್ಳುತ್ತಿದ್ದರೂ, "ಒಣಬಟ್ಟೆಯಲ್ಲಿ ಒರೆಸಿದವನು ನಾನು. ತಂದೆಯವರ ತಪ್ಪಲ್ಲ" ಎಂದು ಯಜಮಾನರಿಗೆ ಹೇಳಿದೆ. ಅವರು "ಹಾಗೋ" ಎಂದರು; ಕಾರು ಹತ್ತಿದರು. ಅಷ್ಟೆ. ಸಂಬಳದಲ್ಲಿ ಮುರಿದದ್ದು ಮುರಿದೇ ಹೋಯಿತು.

ರಾತ್ರಿ ಊಟದ ಹೊತ್ತಿಗೆ ತಂದೆಯವರಿಗೂ ಇದನ್ನು ತಿಳಿಸಿದೆ. ಮೆಚ್ಚುವರೆಂದು ಕಾದೆ. ಅವರು ಮಜ್ಜಿಗೆ ಬಡಿಸಿಕೊಳ್ಳುತ್ತ, "ಅವರು ಆಗಲೇ ಮರೆತಿದ್ದರು" ಎಂದರು. ಸ್ವಲ್ಪ ತಡೆದು, "ನಾಳೆ ಬೆಳಿಗ್ಗೆ ನನ್ನೊಡನೆ ಬಾ. ನೀರು ಹೊರುವುದಿದೆ" ಎಂದರು.

ಅದರಲ್ಲಿ ಕ್ಷಮೆಯಿತ್ತೋ ಶಿಕ್ಷೆಯಿತ್ತೋ ನಾನು ಕೇಳಲಿಲ್ಲ. ಬೆಳಗಾಗುವುದರೊಳಗೆ ನಾಲ್ಕು ಬಕೆಟ್ಟು ತುಂಬಿಸಿಟ್ಟೆ. ಈಗಲೂ ರಜೆಗೆ ಹೋದಾಗ ಗಮನಿಸುತ್ತೇನೆ: ತಂದೆಯವರು ಕಾರು ನಿಲ್ಲಿಸುವಾಗ ಎಡಗಡೆಯನ್ನು ಯಾವಾಗಲೂ ಗೋಡೆಯ ಕಡೆಗೆ ಮಾಡಿ ನಿಲ್ಲಿಸುತ್ತಾರೆ.