ಛೇದವೂ ಅನುವೃತ್ತಿಯೂ

ಪದಚ್ಛೇದವನ್ನು ಕಲಿಸುತ್ತಲೇ ಕಾಲವನ್ನು ಕಳೆದ ನನಗೆ ಚಲಚ್ಚಿತ್ರದ ಛೇದವನ್ನು ಕಲಿಯುವ ಯೋಗವು ಈ ಇಳಿವಯಸ್ಸಿನಲ್ಲಿ ಒದಗಿತು. 2011ರಲ್ಲಿ ನಡೆದ ಮಗಳ ವಿವಾಹದ ವೀಡಿಯೋ ಎರಡು ಗಂಟೆಗಳಷ್ಟು ದೀರ್ಘವಾದುದು. ಅದರ ನಡುವೆ ಒಂದೂವರೆ ನಿಮಿಷ ನಮ್ಮ ಮನೆಯಾಕೆ ಹಸೆಗೆ ಕರೆಯುವ ಹಾಡನ್ನು ಹೇಳಿದ್ದಾಳೆ. ಆಕೆ ಈಗಿಲ್ಲ, ಆಕೆಯ ಕಂಠವು ಬೇರೆಲ್ಲಿಯೂ ಮುದ್ರಿತವಾಗಿಲ್ಲ. ಅಷ್ಟನ್ನು ಮಾತ್ರ ಬಿಡಿಸಿ ಮೊಮ್ಮಕ್ಕಳಿಗೆ ಕೊಡಬೇಕೆಂಬುದು ನನ್ನ ಆಸೆ. ಮೂಲಕ್ಕೆ ಊನವಾದೀತೆಂಬುದು ಭಯ.

ಇದಕ್ಕೆ ಎಫ್‌ಎಫ್‌ಎಂಪೆಗ್ ಎಂಬ ಸಾಧನವುಂಟು. ಫ್ರಾನ್ಸಿನ ಫಾಬ್ರೀಸ್ ಬೆಲ್ಲಾರ್ ಎಂಬವರು 2000ನೆಯ ಇಸವಿಯಲ್ಲಿ ಆರಂಭಿಸಿದ ಇದು ಉಚಿತವಾಗಿಯೇ ದೊರೆಯುವುದು. ಇದರಲ್ಲಿ ಒತ್ತುವ ಗುಂಡಿಗಳಿಲ್ಲ. ಸೂತ್ರಪ್ರಾಯವಾದ ಒಂದು ಪಂಕ್ತಿಯನ್ನು ಬರೆದು ಆಜ್ಞಾಪಿಸಬೇಕು. ‘ಎಸ್‌ಎಸ್’ ಎಂಬ ಸಂಜ್ಞೆಯು ಆರಂಭಕಾಲವನ್ನೂ, ‘ಟಿ’ ಎಂಬುದು ಅವಧಿಯನ್ನೂ, ‘ಸಿ ಕಾಪಿ’ ಎಂಬುದು ಇದ್ದುದನ್ನು ಇದ್ದಂತೆಯೇ ನಕಲಿಸೆಂಬ ವಿಧಿಯನ್ನೂ ಸೂಚಿಸುವುವು. ಅರ್ಧಮಾತ್ರೆ ಉಳಿದರೂ ಹಿಗ್ಗುವ ವೈಯಾಕರಣರಿಗೆ ಇದು ಹಿಡಿಸದೆ ಇರದು.

ಮೂಲದ ಭಯವನ್ನು ಈ ಸಾಧನವೇ ಕಳೆಯಿತು. ಛೇದವೆಂದರೂ ಇಲ್ಲಿ ಕತ್ತರಿಯು ಮೂಲವನ್ನು ಮುಟ್ಟುವುದಿಲ್ಲ. ಬೇಕಾದ ಭಾಗವು ಬೇರೊಂದು ಕಡತವಾಗಿ ಹೊರಬರುವುದು. ಎರಡಕ್ಕೂ ಒಂದೇ ಹೆಸರನ್ನು ಕೊಟ್ಟರೆ ಅದು ಕಾರ್ಯವನ್ನೇ ನಿರಾಕರಿಸುವುದು.

ಆದರೆ ನಕಲಿಸುವಾಗ ಮನಬಂದಲ್ಲಿ ಆರಂಭಿಸಲು ಬಾರದು. ವೀಡಿಯೋದಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ಚಿತ್ರವೂ ಪೂರ್ಣವಾಗಿರುವುದಿಲ್ಲ. ಅಲ್ಲಲ್ಲಿ ಒಂದು ಪೂರ್ಣಚಿತ್ರವಿರುವುದು. ಇದನ್ನು ಕೀಫ್ರೇಮ್ ಎನ್ನುವರು. ಉಳಿದವು ಅಕ್ಕಪಕ್ಕದ ಚಿತ್ರಗಳಿಂದ ಬದಲಾದುದನ್ನು ಮಾತ್ರ ಹೇಳುವುವು. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಹಿಂದಿನ ಸೂತ್ರದ ಪದವು ಮುಂದಿನದಕ್ಕೆ ಅನುವೃತ್ತಿಯಾಗಿ ಬರುವಂತೆಯೇ ಇದು. ಅಂತಹ ಸೂತ್ರವೊಂದನ್ನು ನಡುವಿನಿಂದ ಕಿತ್ತು ಕೈಗಿತ್ತರೆ ಅರ್ಥವು ದೊರೆಯದು. ಬೇಕಾದ ಕ್ಷಣಕ್ಕೇ ಕತ್ತರಿಸುವುದಾದರೆ ಚಿತ್ರಗಳನ್ನು ಹೊಸದಾಗಿ ಸಂಕೇತಿಸಬೇಕು. ಆಗ ಸ್ಪಷ್ಟತೆಯು ಕೊಂಚವಾದರೂ ಕುಂದುವುದು ಸಾಮಾನ್ಯ.

ನಾನು ನಕಲನ್ನೇ ಆರಿಸಿದೆನು. ಹಾಡಿಗಿಂತ ನಾಲ್ಕು ಸೆಕೆಂಡು ಹಿಂದೆ ಒಂದು ಕೀಫ್ರೇಮ್ ಇದ್ದಿತು; ಅಲ್ಲಿಂದಲೇ ಆರಂಭಿಸಿದೆನು. ಆ ನಾಲ್ಕು ಸೆಕೆಂಡುಗಳಲ್ಲಿ ಆಕೆ ಸೆರಗನ್ನು ಸರಿಪಡಿಸಿಕೊಂಡು, ಪಕ್ಕದವರತ್ತ ತಿರುಗಿ, “ನೀವೇ ಹೇಳ್ರೀ” ಎಂದು ಸಂಕೋಚಪಡುತ್ತಾಳೆ. ಮೊಮ್ಮಕ್ಕಳು ಹಾಡನ್ನು ಒಮ್ಮೆ ಕೇಳಿದರೆ ಅದನ್ನು ಹತ್ತು ಸಲ ನೋಡುವರು. ಅಜ್ಜಿಯನ್ನು ಕಾಣದ ಮಕ್ಕಳಿಗೆ ಹಾಡಿಗಿಂತಲೂ ಆ ಸಂಕೋಚದಲ್ಲಿಯೇ ಅವಳ ಪರಿಚಯವು ಹೆಚ್ಚಾಗಿ ದೊರೆಯುತ್ತಿರಬಹುದು.