ಮಂಜಿನೊಳಗೆ ಒಂದು ಕ್ಯಾರವಾನ್

ತೆರೆಯ ಮೇಲೆ ಮಂಜು ಕಂಡರೆ ಶಿಳ್ಳೆ ಹೊಡೆಯುವವರು ನಾವು. ಬಿಳಿ ಹೊಗೆಯೊಳಗಿಂದ ಹೀರೋ-ಹೀರೋಯಿನ್ ಕೈ ಕೈ ಹಿಡಿದು ಬರ್ತಾರೆ, ಪಿಟೀಲು ಮೊಳಗುತ್ತೆ... ಆಹಾ! ಆದರೆ ಅವರಿಗಿಂತ ಮುಂಚೆ ಅದೇ ಮಂಜಿನೊಳಗೆ ಹೋಗಿ ನಿಲ್ಲಬೇಕಾದ ಗಾಡಿಯೊಂದಿದೆ. ಅದು ಫ್ರೇಮಿನಲ್ಲಿ ಕಾಣಿಸಿಕೊಂಡರೆ ಕ್ಯಾಮೆರಾಮನ್ ಬೈತಾರೆ. ಅದೇ ಕ್ಯಾರವಾನ್! ಒಳಗೆ ಮಂಚ, ಕನ್ನಡಿ, ಎ.ಸಿ., ಬಾತ್‌ರೂಮು. ಕಳೆದ ಭಾದ್ರಪದದಲ್ಲಿ ಅಂಥದೊಂದು ಗಾಡಿಯಲ್ಲಿ ಬೆಂಗಳೂರಿನಿಂದ ಕೊಟ್ಟಿಗೆಹಾರಕ್ಕೆ ಹೋದೆ. ಮಂಚದ ಮೇಲೆ ಮಲಗಿಕೊಂಡಲ್ಲ ಸ್ವಾಮಿ, ಡ್ರೈವರಣ್ಣನ ಪಕ್ಕ ಕೂತು!

ಪ್ರಯಾಣ ಶುರುವಾಗಿದ್ದು ರವೀಂದ್ರ ಕಲಾಕ್ಷೇತ್ರ ಇರುವ ಜೆ.ಸಿ. ರೋಡಿನಲ್ಲಿ. ಕಲಾಕ್ಷೇತ್ರಕ್ಕೆ ನಾಟಕ ನೋಡೋಕೆ ಬರುವವರು ಬೇರೆ, ಅದೇ ರಸ್ತೆಗೆ ಸ್ಪೇರ್ ಪಾರ್ಟ್ಸ್ ಹುಡುಕಿಕೊಂಡು ಬರುವವರು ಬೇರೆ. ನಾವು ಎರಡನೇ ಗುಂಪು. ಗಾಡಿ ಮಾಲೀಕರ ಆಸೆ ಏನಪ್ಪಾ ಅಂದರೆ, ತಲೆ ಮೇಲೆ ಸಾಲಾಗಿ ಆರು ಲೈಟು. ರಾತ್ರಿ ಗಾಡಿ ಬಂದರೆ ಹೀರೋ ಎಂಟ್ರಿ ಥರ ಇರಬೇಕು! ಡ್ರೈವರಣ್ಣ ಒಪ್ಪಲಿಲ್ಲ.

"ತಲೆ ಮೇಲೆ ಬೇಡ ಸಾರ್. ಕಾಲ ಕೆಳಗೆ ಎರಡು ಕೊಡಿಸಿ, ಸಾಕು."

ಅಣ್ಣನ ಈ ಹಟಕ್ಕೊಂದು ಕಾರಣ ಇತ್ತು. ಹಿಂದಿನ ವರ್ಷ ಚಾರ್ಮಾಡಿ ಘಾಟಿಯ ತಲೆಯಲ್ಲಿ ಮಂಜು ಕವಿದಾಗ, ಕಾಣಲಿಲ್ಲ ಅಂತ ಹೈ ಬೀಮ್ ಹಾಕಿದರಂತೆ. ಎದುರಿಗೆ ಬಿಳಿ ಗೋಡೆ ಎದ್ದು ನಿಂತಂತಾಯಿತು. ಎಡಗಡೆಯ ಮುಂದಿನ ಚಕ್ರ ಟಾರು ಬಿಟ್ಟು ಮಣ್ಣಿಗೆ ಇಳಿದದ್ದು ಸ್ಟೀರಿಂಗಿನಲ್ಲೇ ಗೊತ್ತಾಯಿತಂತೆ. ಅದರಾಚೆ ಏನಿತ್ತು ಅನ್ನೋದು ಗೊತ್ತಾಗಿದ್ದು ಬೆಳಕು ಹರಿದ ಮೇಲೆ. ಒಳಗೆ ಟಚಪ್ ಹುಡುಗ ಗೊರಕೆ ಹೊಡೀತಿದ್ದ. ಆಮೇಲೆ ಕ್ಲೀನರ್ ಹೆಗಲ ಮೇಲೆ ಬಿಳಿ ಟವೆಲ್ ಹಾಕಿಕೊಂಡು ಟಾರ್ಚ್ ಹಿಡಿದು ಮುಂದೆ ನಡೆದ, ಆ ಟವೆಲ್ ನೋಡಿಕೊಂಡು ಗಾಡಿ ಹಿಂದೆ ಹೋಯಿತು. ಅರ್ಧ ಮೈಲಿ!

ಯಾಕೆ ಹೀಗಾಗುತ್ತೆ? ಪಿಯುಸಿ ಫಿಸಿಕ್ಸ್‌ನ ಅರ್ಧಕ್ಕೇ ಬಿಟ್ಟು ಸಿನಿಮಾ ಹಿಂದೆ ಬಂದ ನನಗೆ ಜೆ.ಸಿ. ರೋಡಿನ ಎಲೆಕ್ಟ್ರಿಷಿಯನ್ನೇ ಮೇಷ್ಟ್ರಾದರು. ಮಂಜು ಅಂದರೆ ಗಾಳಿಯಲ್ಲಿ ತೇಲುವ ಸಣ್ಣ ಸಣ್ಣ ನೀರ ಹನಿ. ಬೆಳಕು ಹನಿಗೆ ಬಡಿದು ಚದುರುತ್ತೆ, ಒಂದಷ್ಟು ವಾಪಸ್ ನಮ್ಮ ಕಣ್ಣಿಗೇ ಬರುತ್ತೆ. ಜೋರಾಗಿ ಹಾಕಿದಷ್ಟೂ ಜೋರಾಗಿ ವಾಪಸ್! ತಲೆ ಮೇಲಿನ ಲೈಟಾದರೆ ಬೆಳಕು ಕಣ್ಣ ಮುಂದೆಯೇ ಹಾದುಹೋಗುತ್ತಲ್ಲ, ಕೇಳೋದೇ ಬೇಡ. ಫಾಗ್ ಲೈಟಿನ ಬೆಳಕು ಚಾಪೆ ಹಾಸಿದ ಹಾಗೆ ಅಗಲ, ಚಪ್ಪಟೆ. ಮೇಲಂಚು ಕತ್ತರಿಸಿದ ಹಾಗಿರುತ್ತೆ. ಬಂಪರಿನ ಕೆಳಗಿಂದ ನೆಲ ಸವರಿಕೊಂಡು ಹೋಗುತ್ತೆ. ಡ್ರೈವಿಂಗ್ ಲೈಟು ಇದರ ತದ್ವಿರುದ್ಧ. ಉದ್ದ, ಕಿರಿದು. ತಿಳಿಯಾದ ರಾತ್ರಿ, ಖಾಲಿ ರಸ್ತೆ, ಅಲ್ಲಿ ಅದು ರಾಜ. ಮಂಜಿನಲ್ಲಿ ಹಾಕಿದರೆ ವಿಲನ್!

ಕೊನೆಗೆ ರಾಜಿ ಆಯಿತು. ಬಂಪರಿನ ಮೇಲೆ ಎರಡು ಡ್ರೈವಿಂಗ್, ಕೆಳಗೆ ಎರಡು ಫಾಗ್. ತಲೆ ಮೇಲೆ ಸೊನ್ನೆ. ಮಾಲೀಕರ ಮುಖ ಸ್ವಲ್ಪ ಸಣ್ಣದಾಯಿತು. "2024ರ ಜುಲೈಯಲ್ಲಿ ಕಣ್ಣು ಕುಕ್ಕೋ ಲೈಟಿನವರನ್ನೆಲ್ಲ ಪೊಲೀಸರು ಹಿಡಿದು ಹಿಡಿದು ಕೇಸ್ ಹಾಕಿದ್ದು ಮರೆತ್ರಾ ಸಾರ್?" ಅಂತ ಅಣ್ಣ ನೆನಪಿಸಿದ ಮೇಲೆ ಸುಮ್ಮನಾದರು.

ಕೆಲಸಕ್ಕೆ ಕೈ ಹಾಕಿದರೆ ಇನ್ನೊಂದು ಕಥೆ ಹೊರಬಿತ್ತು. ಈ ಗಾಡಿ ಹಳೇ ಬಸ್ ಚಾಸಿ, 24 ವೋಲ್ಟಿನದು. 12 ವೋಲ್ಟಿನ ಎರಡು ಬ್ಯಾಟರಿ ಜೋಡಿಸಿರ್ತಾರೆ. ಹಿಂದೆ ಯಾರೋ ಪುಣ್ಯಾತ್ಮ ಅಗ್ಗದ 12 ವೋಲ್ಟ್ ಲೈಟು ತಂದು ಒಂದೇ ಬ್ಯಾಟರಿಯಿಂದ ವೈರ್ ಎಳೆದಿದ್ದ. ಲೈಟು ಉರೀತಿತ್ತು, ನಿಜ. ಆದರೆ ಒಂದು ಬ್ಯಾಟರಿ ಉಪವಾಸ, ಇನ್ನೊಂದಕ್ಕೆ ಅಜೀರ್ಣ! ಸಕಲೇಶಪುರದ ಔಟ್‌ಡೋರಿನಲ್ಲಿ ಬೆಳಿಗ್ಗೆ ಗಾಡಿ ಸ್ಟಾರ್ಟೇ ಆಗದೆ ಲೈಟ್‌ಬಾಯ್‌ಗಳೆಲ್ಲ ಸೇರಿ ತಳ್ಳಿದ್ದು ಯಾಕೆ ಅಂತ ಅಣ್ಣನಿಗೆ ಈಗ ಗೊತ್ತಾಯಿತು.

ಎಲ್ಲ ಕಿತ್ತು ಹೊಸದಾಗಿ ಮಾಡಿದರು. 24 ವೋಲ್ಟಿನದೇ ಬಲ್ಬು, ಒಂದೊಂದು 70 ವಾಟ್. ಎರಡು ಫಾಗ್ ಲೈಟಿಗೆ 140 ವಾಟ್, ಅಂದರೆ ಹೆಚ್ಚು ಕಡಿಮೆ ಆರು ಆಂಪಿಯರ್. ಅಷ್ಟನ್ನೂ ಡ್ಯಾಶ್‌ಬೋರ್ಡಿನ ಪುಟ್ಟ ಸ್ವಿಚ್ಚಿನ ಮೇಲೆ ಹೊರಿಸಿದರೆ ಅದು ಬಿಸಿಯಾಗಿ ಕರಗುತ್ತೆ. ಅದಕ್ಕೇ ರಿಲೇ. ಸ್ವಿಚ್ಚು ಆಜ್ಞೆ ಮಾಡುತ್ತೆ, ಭಾರ ಹೊರೋದು ರಿಲೇ. ಬ್ಯಾಟರಿ ಹತ್ತಿರವೇ ಒಂದು ಫ್ಯೂಸ್. ಡ್ರೈವಿಂಗ್ ಲೈಟನ್ನು ಹೈ ಬೀಮಿಗೆ ಕಟ್ಟಿದರು, ಎದುರು ಗಾಡಿಗೆ ಡಿಮ್ ಮಾಡಿದ ಕೂಡಲೇ ಇದೂ ಆರಬೇಕು. ಫಾಗ್ ಲೈಟಿಗೆ ಬೇರೆ ಸ್ವಿಚ್ಚು.

ಬಣ್ಣದ ವಿಷಯಕ್ಕೆ ಸಣ್ಣ ಜಗಳವೇ ಆಯಿತು. ಅಣ್ಣನಿಗೆ ಹಳದಿಯೇ ಬೇಕು. "ಮಂಜಿನ ಹನಿ ದೊಡ್ಡದು, ಅದಕ್ಕೆ ಹಳದಿ ಬಿಳಿ ಎಲ್ಲಾ ಒಂದೇ" ಅಂತ ಎಲೆಕ್ಟ್ರಿಷಿಯನ್. "ಹನಿಗೆ ಒಂದೇ ಇರಬಹುದು ಕಣಯ್ಯ, ನನ್ನ ಕಣ್ಣಿಗೆ ಒಂದೇ ಅಲ್ಲ!" ಅಂತ ಅಣ್ಣ. ಫ್ರಾನ್ಸ್ ದೇಶದಲ್ಲಿ 1993ರವರೆಗೂ ಕಾರುಗಳ ಹೆಡ್‌ಲೈಟೇ ಹಳದಿ ಇರಬೇಕಿತ್ತು ಅಂತ ಎಲ್ಲೋ ಓದಿದ್ದೆ, ನಾನೂ ಒಂದು ಮಾತು ಸೇರಿಸಿದೆ. ಹಳದಿ ಗೆದ್ದಿತು.

ಕತ್ತಲಾದ ಮೇಲೆ ಗೋಡೆಯಿಂದ 25 ಅಡಿ ದೂರ ಗಾಡಿ ನಿಲ್ಲಿಸಿ ಲೈಟು ಕೂರಿಸಿದರು. ಬೆಳಕಿನ ಮೇಲಂಚು ಲೈಟಿನ ಎತ್ತರಕ್ಕಿಂತ ನಾಲ್ಕು ಇಂಚು ಕೆಳಗೆ ಬೀಳಬೇಕು. ಗೋಡೆ ಮೇಲೆ ಒಂದು ಹೊಸ ಪಿಕ್ಚರಿನ ಪೋಸ್ಟರ್. "ಬೆಳಕು ಹೀರೋ ಷೂ ದಾಟಬಾರದು!" ಅಂತ ಅಣ್ಣ ಕೂಗ್ತಿದ್ದರು. ದಾಟಲಿಲ್ಲ.

ಒಂಬತ್ತೂವರೆಗೆ ಹೊರಟೆವು. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ. ದೊಡ್ಡ ರಸ್ತೆ, ಹೇಳೋಕೆ ಏನಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಶಂಕ್ರಣ್ಣನ ಫೋಟೋ. ನಾನು ಅದನ್ನೇ ನೋಡ್ತಿದ್ದೆ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ, 35 ತುಂಬಿ 36ಕ್ಕೆ ಕಾಲಿಡುವ ಮೊದಲೇ, ರಸ್ತೆ ಅವರನ್ನು ಕಿತ್ತುಕೊಂಡಿತು. ಅಣ್ಣ ನನ್ನ ಕಣ್ಣು ಎಲ್ಲಿದೆ ಅಂತ ನೋಡಿದರು.

"ಆರಕ್ಕೆ ಕಾಲ್‌ಶೀಟ್ ಅಂದ್ರೆ ನಮಗೆ ಐದಕ್ಕೆ ಕಣ್ ತಮ್ಮ. ಲೇಟಾದ್ರೆ ಮಂಜು ಇತ್ತು ಅಂದ್ರೆ ಯಾರು ಕೇಳ್ತಾರೆ? ಮಂಜಿಗೋಸ್ಕರಾನೇ ಬಂದಿರೋರು ಅವರು."

ಬೇಲೂರು ದಾಟಿ ಮೂಡಿಗೆರೆಗೆ ಬಂದಾಗ ಮೂರು ಗಂಟೆ. 'ಅಬಚೂರಿನ ಪೋಸ್ಟಾಫೀಸು' ಕಥೆ ಬರೆದ ತೇಜಸ್ವಿಯವರ ಊರು. 1973ರಲ್ಲಿ ಅದು ಸಿನಿಮಾ ಆಗಿ ಬಂತು. ಊರು ದಾಟಿದ್ದೇ ತಡ, ಕಾಫಿ ತೋಟದ ಕಡೆಯಿಂದ ಮಂಜು ರಸ್ತೆಗೆ ಇಳಿಯಿತು. ಮೊದಲು ಮರದ ತುದಿ ಹೋಯಿತು, ಆಮೇಲೆ ಮರ, ಆಮೇಲೆ ಮೈಲಿಗಲ್ಲು. ಅಣ್ಣ ಡ್ರೈವಿಂಗ್ ಲೈಟು ಆರಿಸಿ, ಹೆಡ್‌ಲೈಟು ಡಿಮ್ ಮಾಡಿ, ಹೊಸ ಸ್ವಿಚ್ಚು ಒತ್ತಿದರು.

ಪವಾಡ ಏನೂ ನಡೆಯಲಿಲ್ಲ, ಓದುಗರೇ. ದೂರ ಇನ್ನೂ ಅಷ್ಟೇ ಬೆಳ್ಳಗಿತ್ತು. ಆದರೆ ಗಾಡಿಯ ಪಾದದ ಬಳಿ ಒಂದಿಷ್ಟು ನೆಲ ಕಂಡಿತು. ಅಂಚಿನ ಬಿಳಿ ಗೆರೆ, ಅದರಾಚೆ ಹುಲ್ಲು, ಹುಲ್ಲಿನಾಚೆ ಚರಂಡಿ. ಸ್ಪೀಡು ಇಪ್ಪತ್ತು ದಾಟಲಿಲ್ಲ. "ಇದು ಓಡಿಸೋಕೆ ಲೈಟಲ್ಲ, ನಿಲ್ಲಿಸೋಕೆ ಲೈಟು" ಅಂದರು ಅಣ್ಣ. ಒಂದು ತಿರುವಿನಲ್ಲಿ ಗೆರೆಯ ಮೇಲೆಯೇ ಏನೋ ಕಪ್ಪಗೆ ಕಂಡಿತು. ಬ್ರೇಕು. ರಸ್ತೆಯಲ್ಲಿ ಮಲಗಿದ್ದ ಎರಡು ಹಸು! ಕ್ಲೀನರ್ ಇಳಿದು ಎಬ್ಬಿಸಿದ. ನನ್ನ ಎದೆ ಸಮಕ್ಕೆ ಬರೋಕೆ ಕೊಟ್ಟಿಗೆಹಾರವೇ ಬರಬೇಕಾಯಿತು.

ಲೊಕೇಶನ್ ತಲುಪಿದಾಗ ಐದಕ್ಕೆ ಹತ್ತು ನಿಮಿಷ. ಅಣ್ಣ ಗಾಡಿ ಮಟ್ಟಕ್ಕೆ ನಿಲ್ಲಿಸಿ, ಜನರೇಟರ್ ಹಾಕಿಸಿ, ಸೀಟಿನ ಹಿಂದಿನ ಹಲಗೆಯ ಮೇಲೆ ಮಲಗಿಬಿಟ್ಟರು. ನಾನು ಹೋಟೆಲಿಗೆ ನಡೆದು ಬಿಸಿ ನೀರುದೋಸೆ ತಿಂದೆ. ಎಷ್ಟು ಅಂತ ಕೇಳಬೇಡಿ.

ವಾಪಸ್ ಬಂದರೆ ಸೆಟ್ಟಿನಲ್ಲಿ ಗದ್ದಲ. ಡೈರೆಕ್ಟರಿಗೆ ಮಂಜಿನ ಹಿಂದಿನಿಂದ ಬೆಳಕು ಬೇಕು, ಅದೂ ಹಳದಿ. ಅವರ ಕಣ್ಣು ನಮ್ಮ ಗಾಡಿ ಮೇಲೆ ಬಿತ್ತು! ಕ್ಲೀನರ್ ಸ್ವಿಚ್ಚು ಒತ್ತಿದ, ಹೀರೋಯಿನ್ ಆ ಬೆಳಕಿನೊಳಗಿಂದ ನಡೆದು ಬಂದರು, ಶಾಟ್ ಓಕೆ ಆಯಿತು, ಚಪ್ಪಾಳೆ ಬಿತ್ತು. ಅಣ್ಣನಿಗೆ ಎಚ್ಚರವೇ ಇಲ್ಲ.

ಹತ್ತು ಗಂಟೆಗೆ ಎದ್ದವರಿಗೆ ಓಡಿಹೋಗಿ ಹೇಳಿದೆ. "ಅಣ್ಣಾ, ನಿಮ್ಮ ಲೈಟು ಪಿಕ್ಚರಿನಲ್ಲಿ ಬಂತು!"

ಅಣ್ಣ ಕಣ್ಣುಜ್ಜಿಕೊಂಡು ನೆಟ್ಟಗೆ ಕೂತರು.

"ಎಷ್ಟು ಹೊತ್ತು ಹಾಕಿದ್ರು? ಇಂಜಿನ್ ಆನ್ ಇತ್ತಾ?"